ಏರಿಯ ಮಣ್ಣು ಜಾರದಿರುವುದು ಏಕೆ?

ಗಂಗಾಪುರ ಎಂದೊಡನೆ ದತ್ತನ ಗಾಣಗಾಪುರಕ್ಕೆ ಹೊರಟುಬಿಡಬೇಡಿ. ಇದು ನಾಸಿಕ್ ಪಕ್ಕದ ಗಂಗಾಪುರ. ತ್ರ್ಯಂಬಕೇಶ್ವರದ ಬೆಟ್ಟದಲ್ಲಿ ಹುಟ್ಟಿದ ಗೋದಾವರಿಯನ್ನು ನಾಸಿಕ್ ಮುಟ್ಟುವ ಮೊದಲೇ ಇಲ್ಲಿ ತಡೆದಿದ್ದಾರೆ. 1965ರಲ್ಲಿ ಮುಗಿದ ಈ ಅಣೆಕಟ್ಟು ಸುಮಾರು 3.9 ಕಿ.ಮೀ. ಉದ್ದ, 36 ಮೀಟರ್‌ಗೂ ಹೆಚ್ಚು ಎತ್ತರ. ಕನ್ನಂಬಾಡಿಯಂತೆ ಕಲ್ಲು–ಗಾರೆಯದಲ್ಲ, ಮಣ್ಣಿನದು. ಬಲು ದೊಡ್ಡ ಕೆರೆ ಏರಿ ಎನ್ನಿ.

ಅಷ್ಟು ನೀರಿಗೆ ಬರೀ ಮಣ್ಣು ಎದುರು ನಿಂತಿರುವುದು ಭಾರದಿಂದ ಮತ್ತು ಘರ್ಷಣೆಯಿಂದ. ರಾಗಿ ಒಕ್ಕಿ ರಾಶಿ ಮಾಡಿದವರು ನೋಡಿಯೇ ಇರುತ್ತಾರೆ: ಎಷ್ಟು ಸುರಿದರೂ ರಾಶಿ ಒಂದು ಮಟ್ಟಕ್ಕಿಂತ ಕಡಿದಾಗುವುದಿಲ್ಲ, ಕಾಳು ಜಾರಿ ಬುಡ ಅಗಲವಾಗುತ್ತದೆ. ಒಣ ಮರಳಿನಲ್ಲಿ ಆ ಇಳಿಜಾರು 30ರಿಂದ 35 ಡಿಗ್ರಿ. ಸೇರಿನಷ್ಟಿದ್ದರೂ ಲಾರಿಯಷ್ಟಿದ್ದರೂ ಅಷ್ಟೇ. ಜಾರಿಸುವ ಭಾರ ಹೆಚ್ಚಿದಂತೆ ಹಿಡಿಯುವ ಘರ್ಷಣೆಯೂ ಹೆಚ್ಚುತ್ತದಲ್ಲ! ನುಣುಪೆನಿಸುವ ಮೈಯಲ್ಲೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ಎರಡು ಮೈಗಳು ನಿಜಕ್ಕೂ ತಾಗುವುದು ಅಲ್ಲೊಂದು ಇಲ್ಲೊಂದು ಚುಕ್ಕೆಯಲ್ಲಿ. ಒತ್ತಿದಷ್ಟೂ ಆ ಚುಕ್ಕೆಗಳು ಹಿಗ್ಗುತ್ತವೆ.

ಇದನ್ನು ಮಣ್ಣಿನ ಲೆಕ್ಕಕ್ಕೆ ತಂದವನು ಕೂಲಂಬ್. ಹೌದು, ವಿದ್ಯುತ್ ಪಾಠದ ಅದೇ ಕೂಲಂಬ್. ಫ್ರೆಂಚ್ ಸೇನೆಯ ಎಂಜಿನಿಯರಾಗಿ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸಿ ಬಂದವನು, 1773ರಲ್ಲಿ ಪ್ಯಾರಿಸ್ ಅಕಾಡೆಮಿಗೆ ಪ್ರಬಂಧ ಒಪ್ಪಿಸಿದ. ಮಣ್ಣನ್ನು ಜಾರದಂತೆ ಹಿಡಿಯುವವು ಎರಡು, ಅಂಟು ಮತ್ತು ಘರ್ಷಣೆ ಎಂದ.

ನೀರು ಎಣ್ಣೆಯಂತೆ ಮಣ್ಣನ್ನು ಜಾರಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಣಗಳ ಸಂದಿಗೆ ಸೇರಿದ ನೀರು ಒತ್ತಡದಿಂದ ಅವನ್ನು ದೂಡುತ್ತದೆ. ಒಂದರ ಮೇಲೊಂದು ಹೇರಿದ ಭಾರ ತಗ್ಗಿ ಹಿಡಿತ ಸಡಿಲವಾಗುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಝಾಘಿ ಇದನ್ನು ವಿವರಿಸಿದ. ಮಣ್ಣಿನ ಅಣೆಕಟ್ಟುಗಳಲ್ಲಿ ಮರಳು, ಜಲ್ಲಿಯ ಪದರವಿಟ್ಟು ಒಸರನ್ನು ಹೊರಗೆ ಹರಿಯಬಿಡುವುದು ಅದಕ್ಕೇ. ಜಲಾಶಯ ಸರ್ರನೆ ಬರಿದಾದರೆ ನೀರಿನ ಕಡೆಯ ಇಳಿಜಾರಿಗೆ ಇನ್ನೂ ಅಪಾಯ: ಹೊರಗಿನ ನೀರಿನ ಆಸರೆ ಹೋಗಿರುತ್ತದೆ, ಮಣ್ಣಿನೊಳಗಿನ ನೀರು ಒತ್ತುತ್ತಲೇ ಇರುತ್ತದೆ.

ಗೋದಾವರಿ ಮುಂದೆ ಇನ್ನೊಂದು ಗಂಗಾಪುರವನ್ನು, ಅಂದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕನ್ನು ಸವರಿಕೊಂಡು ಪೈಠಣ ಸೇರುತ್ತದೆ. ಅಲ್ಲಿನ ಜಾಯಕವಾಡಿ ಅಣೆಕಟ್ಟು ಸುಮಾರು 10 ಕಿ.ಮೀ. ಉದ್ದ, ಅದೂ ಮಣ್ಣಿನದೇ.

ಮಳೆಗಾಲದಲ್ಲಿ ನಿಮ್ಮೂರ ಕೆರೆ ಏರಿಯ ಹಿಂಬದಿಗೊಮ್ಮೆ ಹೋಗಿ ನೋಡಿ. ತಿಳಿನೀರು ತುಸು ಒಸರುತ್ತಿದ್ದರೆ ಕಣ್ಣಿಟ್ಟಿರಿ. ಕದಡಿದ ನೀರು ಬರುತ್ತಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ಅಂದೇ ಪಂಚಾಯಿತಿಗೆ ತಿಳಿಸಿ.