ಕಟ್ಟಿ ತಿದ್ದುವುದೇ, ತಿದ್ದುತ್ತ ಕಟ್ಟುವುದೇ?

ಬೆಂಗಳೂರಿನ ಪಶ್ಚಿಮದಲ್ಲಿ ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವೆಡೆ ನಾಯಂಡಹಳ್ಳಿ. 2021ರ ಆಗಸ್ಟ್ 29ರಂದು ಮೆಟ್ರೊದ ನೇರಳೆ ಮಾರ್ಗವು ಕೆಂಗೇರಿಯವರೆಗೆ ಮುಂದುವರಿದಾಗ ಈ ಊರಿಗೂ ಒಂದು ನಿಲ್ದಾಣ ದೊರೆಯಿತು. ರಸ್ತೆಯ ಗುಂಟ ಸಾಲಾಗಿ ನಿಂತಿರುವ ಕಾಂಕ್ರೀಟ್ ಕಂಬಗಳನ್ನು ವಾಚಕರು ನೋಡಿರಬಹುದು. ಒಮ್ಮೆ ಎದ್ದು ನಿಂತ ಕಂಬವನ್ನು ಕುರಿತು, ‘ಇದು ಒಂದು ಮಾರು ಆಚೆ ಇದ್ದಿದ್ದರೆ ಚೆನ್ನಾಗಿತ್ತು’ ಎಂದರೆ ಕೇಳುವವರಾರು? ಆದಕಾರಣ ಎಂಜಿನಿಯರನು ಮೊದಲು ನೆಲವನ್ನು ಅಳೆಯುವನು, ಮಣ್ಣನ್ನು ಕೊರೆದು ಪರೀಕ್ಷಿಸುವನು, ಹೊರಬೇಕಾದ ಭಾರವನ್ನು ಲೆಕ್ಕ ಹಾಕುವನು, ನಕ್ಷೆಯನ್ನು ಸಿದ್ಧಗೊಳಿಸುವನು. ಕಾಂಕ್ರೀಟು ಸುರಿಯುವುದು ಇವೆಲ್ಲ ಮುಗಿದ ಮೇಲೆ.

ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ, ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿನಲ್ಲಿ, ಬೇರೊಂದು ಬಗೆಯ ಕಟ್ಟಡದ ಕೆಲಸ ನಡೆಯುತ್ತಿದೆ. ಅಲ್ಲಿ ಮರಳಿಲ್ಲ, ಸಿಮೆಂಟಿಲ್ಲ; ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸರಣಿಯೇ ಇಟ್ಟಿಗೆ. ಇದನ್ನು ತಂತ್ರಾಂಶವೆನ್ನುತ್ತೇವೆ. ಹಾಗಾದರೆ ತಂತ್ರಾಂಶವನ್ನೂ ಸೇತುವೆಯಂತೆಯೇ ಕಟ್ಟಬೇಕೆ?

ಬಹುಕಾಲ ಹಾಗೆಯೇ ಕಟ್ಟಿದರು. ಮೊದಲು ಬೇಕುಗಳ ಪಟ್ಟಿ, ಆಮೇಲೆ ವಿನ್ಯಾಸ, ಬಳಿಕ ಬರವಣಿಗೆ, ಕೊನೆಗೆ ಪರೀಕ್ಷೆ. ಪ್ರತಿಯೊಂದು ಘಟ್ಟವೂ ಮುಗಿದ ಮೇಲೆಯೇ ಮುಂದಿನದು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಧುಮುಕುವುದಲ್ಲದೆ ಮೇಲಕ್ಕೆ ಹರಿಯದು. ಅದಕ್ಕೇ ಇದಕ್ಕೆ ಜಲಪಾತ ವಿಧಾನವೆಂದು ಹೆಸರು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ಎಂಜಿನಿಯರನು ಪ್ರಕಟಿಸಿದ ಲೇಖನವನ್ನೇ ಇದರ ಮೂಲವೆಂದು ಹೇಳುವ ರೂಢಿಯಿದೆ. ಇಲ್ಲೊಂದು ವಿನೋದವಿದೆ. ಆ ಲೇಖನದಲ್ಲಿ ಜಲಪಾತವೆಂಬ ಮಾತೇ ಇಲ್ಲ. ಮೆಟ್ಟಿಲುಗಳ ಚಿತ್ರವನ್ನು ಬರೆದ ರಾಯ್ಸನೇ, ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಂಡರೆ ಅಪಾಯ ತಪ್ಪದೆಂದು ಎಚ್ಚರಿಸಿ, ಹೊಸ ಬಗೆಯ ಕೆಲಸವಾದರೆ ಒಮ್ಮೆ ಚಿಕ್ಕದಾಗಿ ಕಟ್ಟಿ ನೋಡಿ ಆಮೇಲೆ ದೊಡ್ಡದಾಗಿ ಕಟ್ಟಿರೆಂದು ಸಲಹೆ ಕೊಟ್ಟಿದ್ದನು. ಲೋಕವು ಚಿತ್ರವನ್ನು ನೋಡಿತು, ಕೆಳಗಿನ ಬರಹವನ್ನು ಓದಲಿಲ್ಲ.

ಕಾವಲಿಯ ಮೇಲೆ ಮೊದಲ ದೋಸೆಯನ್ನು ಹುಯ್ದು, ಅದರ ಬಣ್ಣವನ್ನು ಕಂಡು ಉರಿಯನ್ನು ಸರಿಪಡಿಸುವ ಗೃಹಿಣಿಗೆ ಈ ಸಲಹೆ ಹೊಸದಲ್ಲ. ಗಣಿತಜ್ಞರಿಗೂ ಹೊಸದಲ್ಲ. 2ರ ವರ್ಗಮೂಲವನ್ನು ಕಂಡುಹಿಡಿಯಬೇಕೆನ್ನೋಣ. ಮೊದಲ ಅಂದಾಜು 1 ಎಂದಿರಲಿ. 2ನ್ನು ಈ ಅಂದಾಜಿನಿಂದ ಭಾಗಿಸಿ, ಬಂದುದಕ್ಕೂ ಅಂದಾಜಿಗೂ ಸರಾಸರಿ ತೆಗೆದರೆ 1.5 ದೊರೆಯುವುದು. ಅದೇ ಕ್ರಿಯೆಯನ್ನು 1.5ರ ಮೇಲೆ ನಡೆಸಿದರೆ 1.416667, ಮತ್ತೊಮ್ಮೆ ನಡೆಸಿದರೆ 1.414216. ನಿಜವಾದ ಬೆಲೆ 1.414214. ಮೂರೇ ಸುತ್ತಿನಲ್ಲಿ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ವ್ಯತ್ಯಾಸ ಉಳಿಯಿತು! ಅಲೆಕ್ಸಾಂಡ್ರಿಯದ ಹೀರೋನನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಇದನ್ನು ವಿವರಿಸಿದ್ದಾನೆ. ಮೊದಲ ಅಂದಾಜು ಸರಿಯಾಗಿರಬೇಕೆಂಬ ಹಟ ಇಲ್ಲಿಲ್ಲ. ತಪ್ಪು ಎಷ್ಟೆಂಬುದು ತಿಳಿಯಬೇಕು, ತಿಳಿದುದನ್ನು ಮುಂದಿನ ಸುತ್ತಿಗೆ ಉಣಿಸಬೇಕು, ಅಷ್ಟೆ.

ಕೆಂಗೇರಿಯಿಂದಾಚೆ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರು ಅಗಲದ ಆಂಟೆನಾ ಇದೆ. 2013ರ ನವೆಂಬರ್ 5ರಂದು ಹೊರಟ ಮಂಗಳಯಾನದೊಡನೆ ಅದು ಮಾತನಾಡುತ್ತಿತ್ತು. ಭೂಮಿಯ ಕಕ್ಷೆಯನ್ನು ಬಿಟ್ಟ ಮೇಲೆ ಸುಮಾರು 300 ದಿನಗಳ ಪಯಣ. ಕಲ್ಲು ಬೀರಿದಂತೆ ನೌಕೆಯನ್ನು ಬೀರಿ ಕೈಕಟ್ಟಿ ಕುಳಿತರೆ ಅದು ಗುರಿ ತಪ್ಪುವುದೇ ಸಹಜ. ಆದುದರಿಂದ ದಾರಿಯನ್ನು ಅಳೆದು 2013ರ ಡಿಸೆಂಬರ್ 11, 2014ರ ಜೂನ್ 11, ಸೆಪ್ಟೆಂಬರ್ 22 ಹೀಗೆ ಮೂರು ಸಲ ತಿದ್ದಿದರು. ಆಗಸ್ಟಿನಲ್ಲಿ ಇನ್ನೊಂದು ತಿದ್ದುಪಡಿಗೆ ಯೋಜನೆಯಿತ್ತು. ಅಳೆದು ನೋಡಲಾಗಿ ಬೇಡವೆಂದು ತೋರಿತು, ಕೈಬಿಟ್ಟರು. ಈ ಕೈಬಿಟ್ಟ ತಿದ್ದುಪಡಿಯೇ ನಮಗೆ ಹೆಚ್ಚು ಮೆಚ್ಚುಗೆಯಾದುದು. ಯೋಜನೆಯ ಹಾಳೆಯಲ್ಲಿದೆಯೆಂಬ ಒಂದೇ ಕಾರಣಕ್ಕೆ ಇಂಧನವನ್ನು ಸುಡಲಿಲ್ಲವಷ್ಟೆ.

ಇನ್ನು ತಂತ್ರಾಂಶಕ್ಕೆ ಬರೋಣ. ನಮ್ಮ ನಾಡಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ರೈತನ ಪಹಣಿ. ಬ್ಯಾಂಕಿನ ಸಾಲಕ್ಕೆ, ಜಮೀನಿನ ಮಾರಾಟಕ್ಕೆ, ಕೋರ್ಟಿನ ವ್ಯಾಜ್ಯಕ್ಕೆ ಪಹಣಿಯಿಲ್ಲದೆ ನಡೆಯದು. ಅದರಲ್ಲಿ ಒಂದು ಹೆಸರು ತಪ್ಪಿದರೆ ಒಂದು ಮನೆತನದ ಅನ್ನವೇ ಅಲುಗಾಡುವುದು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ದಾಖಲೆಗಳು ಒಂದು ಕಾಲದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಅವನ್ನು ಗಣಕಕ್ಕೆ ತುಂಬುವ ಮೊದಲ ಪ್ರಯತ್ನವಾಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ಖಾತೆ ಬದಲಾವಣೆ ನಡೆಯುವುದು ತಾಲ್ಲೂಕಿನಲ್ಲಿ. ಅಲ್ಲಿಗೆ ಗಣಕಯಂತ್ರವನ್ನು ಕೊಡುವ ಏರ್ಪಾಡು ಯೋಜನೆಯಲ್ಲಿರಲಿಲ್ಲ. ತುಂಬಿದ ಮಾಹಿತಿ ತುಂಬಿದಲ್ಲಿಯೇ ನಿಂತಿತು, ಹಳ್ಳಿಯಲ್ಲಿ ಜಮೀನು ಕೈಬದಲಾಗುತ್ತಲೇ ಇತ್ತು. ನೀರು ಕೆಳಗಿಳಿಯಿತು, ಮೇಲಕ್ಕೆ ಸುದ್ದಿ ಬರುವ ದಾರಿಯಿರಲಿಲ್ಲ.

ಅನಂತರ ಬಂದುದು ‘ಭೂಮಿ’ ಯೋಜನೆ. ಅದನ್ನು ಮೊದಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗಿಸಿದರು. ಬಳಿಕ ಇನ್ನು ಕೆಲವು ತಾಲ್ಲೂಕುಗಳಲ್ಲಿ, ಆಮೇಲೆ ಜಿಲ್ಲೆಗೊಂದರಂತೆ, ಕೊನೆಗೆ 177 ತಾಲ್ಲೂಕುಗಳಲ್ಲಿ. ತುಂಬಿದ ಮಾಹಿತಿಯನ್ನು ಅಚ್ಚುಮಾಡಿ ಗ್ರಾಮಲೆಕ್ಕಿಗರ ಕೈಗೆ ಕೊಡುವರು. ಅವರು ಮೂಲ ಪುಸ್ತಕದೊಡನೆ ಹೋಲಿಸಿ ತಪ್ಪುಗಳನ್ನು ಗುರುತಿಸುವರು. ತಿದ್ದಿ ಮತ್ತೆ ಅಚ್ಚುಮಾಡುವರು. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುವಂತೆಯೂ, ತಿದ್ದಿದ ಅಧಿಕಾರಿ ಯಾರೆಂಬುದು ಬೆರಳಚ್ಚಿನಿಂದ ತಿಳಿಯುವಂತೆಯೂ ತಂತ್ರಾಂಶದಲ್ಲಿಯೇ ಕಟ್ಟಳೆಯಿಟ್ಟರು. 15 ರೂಪಾಯಿಗೆ ಪಹಣಿ ಕೈಗೆ ಬಂದಿತು. ಮುಂದೆ ಅಂತರ್ಜಾಲದಲ್ಲೂ ದೊರೆಯಿತು. ಇದರಿಂದ ಎಲ್ಲವೂ ಸರಿಯಾಯಿತೆನ್ನಲಾಗದು. ಹಳೆಯ ಪುಸ್ತಕದಲ್ಲಿದ್ದ ತಪ್ಪು ಗಣಕಕ್ಕೂ ನಿಷ್ಠೆಯಿಂದ ನಕಲಾಯಿತು. ಪಹಣಿ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವವರು ಇಂದಿಗೂ ಇದ್ದಾರೆ.

ಮದ್ದೂರಿನ ಪ್ರಯೋಗ ನಡೆದಾಗ ಇಂಥ ಕ್ರಮಕ್ಕೆ ಇಂದಿನ ಹೆಸರು ಹುಟ್ಟಿರಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡಿನಲ್ಲಿ 17 ಮಂದಿ ತಂತ್ರಾಂಶ ತಜ್ಞರು ಸೇರಿ ‘ಅಜೈಲ್’ ಎಂಬ ಹೆಸರನ್ನು ಒಪ್ಪಿಕೊಂಡರು. ಚುರುಕಾದುದು ಎಂದರ್ಥ. ಕೆಲಸವನ್ನು ಒಂದೆರಡು ವಾರಗಳ ತುಂಡುಗಳನ್ನಾಗಿ ಕತ್ತರಿಸಿ, ಪ್ರತಿ ತುಂಡಿನ ಕೊನೆಗೆ ನಡೆಯುವಂಥದೊಂದನ್ನು ಬಳಕೆದಾರನ ಮುಂದಿಟ್ಟು, ಅವನು ಆಡಿದ ಮಾತಿನಿಂದ ಮುಂದಿನ ತುಂಡನ್ನು ಗೊತ್ತುಮಾಡುವುದೇ ಇದರ ತಿರುಳು. ಜಾಲತಾಣಗಳಿಗೆ ಇದು ವಿಶೇಷವಾಗಿ ಒಗ್ಗಿತು. ಹಿಂದೆ ತಂತ್ರಾಂಶವನ್ನು ಸಿ.ಡಿ.ಗಳಲ್ಲಿ ತುಂಬಿ ಮಾರುತ್ತಿದ್ದರು. ತಪ್ಪು ಕಂಡರೆ ಸಾವಿರಾರು ಸಿ.ಡಿ.ಗಳನ್ನು ಹಿಂದಕ್ಕೆ ಕರೆಯುವುದು ಆಗದ ಮಾತು. ಜಾಲತಾಣವಾದರೋ ಸಂಸ್ಥೆಯ ಗಣಕದಲ್ಲಿಯೇ ಇರುವುದು. ಬೆಳಿಗ್ಗೆ ಅಲ್ಲಿ ತಿದ್ದಿದರೆ ಮಧ್ಯಾಹ್ನ ಬೀದರಿನ ಓದುಗನಿಗೂ ಅದೇ ಕಾಣುವುದು. ತಿದ್ದುವ ಬೆಲೆ ಕುಸಿದಾಗ ಕಟ್ಟುವ ಕ್ರಮವೂ ಬದಲಾಗುವುದು ನ್ಯಾಯವೇ ಆಗಿದೆ.

ಈ ಸೌಲಭ್ಯವಿದ್ದೂ ಅದನ್ನು ಬಳಸದೆ ಕೆಟ್ಟ ಉದಾಹರಣೆಯೂ ಉಂಟು. 2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರವು ಆರೋಗ್ಯ ವಿಮೆಯ ಜಾಲತಾಣವನ್ನು ಬಹುಪಾಲು ಸಂಸ್ಥಾನಗಳಿಗೆ ಒಮ್ಮೆಗೇ ತೆರೆಯಿತು. ಬೇರೆ ಬೇರೆ ಗುತ್ತಿಗೆದಾರರು ಮಾಡಿದ ಭಾಗಗಳನ್ನು ಜೋಡಿಸಿ ಮೊದಲಿಂದ ಕೊನೆಯವರೆಗೆ ಪರೀಕ್ಷಿಸಿದುದು ಕೊನೆಯ ವಾರಗಳಲ್ಲಿ ಮಾತ್ರ. ಮೊದಲ ದಿನ ನೋಂದಣಿಯನ್ನು ಪೂರೈಸಿದವರು ಕೇವಲ 6 ಮಂದಿ.

ಹಾಗೆಂದು ಸೇತುವೆಯ ಕ್ರಮವನ್ನು ತಂತ್ರಾಂಶದಿಂದ ಪೂರ್ತಿ ಓಡಿಸುವಂತಿಲ್ಲ. ಮೆಟ್ರೊದ ಚೀಟಿಯನ್ನು ಫೋನಿನಲ್ಲಿ ಕೊಡುವ ತಂತ್ರಾಂಶವನ್ನು ತಿಂಗಳಿಗೊಮ್ಮೆ ತಿದ್ದಿದರೆ ಪ್ರಯಾಣಿಕನಿಗೆ ಅಷ್ಟೇನೂ ನಷ್ಟವಿಲ್ಲ. ಎರಡು ರೈಲುಗಳ ನಡುವಿನ ಅಂತರವನ್ನು ಕಾಯುವ ತಂತ್ರಾಂಶವನ್ನು ಮಾತ್ರ ಪ್ರಯಾಣಿಕರ ಮೇಲೆ ಪ್ರಯೋಗಿಸಿ ಕಲಿಯಲಾಗದು. ಅಲ್ಲಿಯೂ ಸುತ್ತುಗಳಿರಬಹುದು, ಆದರೆ ಅವು ಪ್ರಯೋಗಶಾಲೆಯಲ್ಲಿ, ಖಾಲಿ ರೈಲಿನಲ್ಲಿ ನಡೆಯಬೇಕು.

ಇನ್ನೊಂದು ತೊಡಕನ್ನು ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ತಾವೇ ನೋಡಬಹುದು. ಮೇಲಿನ ವರ್ಗಮೂಲದ ಲೆಕ್ಕದಲ್ಲಿ ಸರಾಸರಿಯನ್ನು ಬಿಟ್ಟು, ಭಾಗಿಸಿ ಬಂದುದನ್ನೇ ಹೊಸ ಅಂದಾಜೆಂದು ಇಟ್ಟುಕೊಳ್ಳಿ. 1ರಿಂದ 2 ಬರುವುದು, 2ರಿಂದ 1, ಮತ್ತೆ 2, ಮತ್ತೆ 1. ಸುತ್ತು ಸಾವಿರವಾದರೂ ಉತ್ತರ ಒಂದು ಕೂದಲೆಳೆಯಷ್ಟೂ ಹತ್ತಿರವಾಗದು. ಎರಡು ವಾರಕ್ಕೊಮ್ಮೆ ತಪ್ಪದೆ ಸಭೆ ಸೇರಿ, ಬಳಕೆದಾರನನ್ನು ಮಾತ್ರ ಒಮ್ಮೆಯೂ ಕೇಳದ ಕಚೇರಿಗಳ ಲೆಕ್ಕವೂ ಇದೇ. ಅವರ ಗೋಡೆಯ ಮೇಲೂ ಅಜೈಲ್ ಎಂಬ ಫಲಕವಿರುವುದು. 10ರ ವರ್ಗಮೂಲವನ್ನು 3ರಿಂದ ಆರಂಭಿಸಿ ಎರಡೂ ಬಗೆಯಲ್ಲಿ ಮಾಡಿ ನೋಡಿರಿ. ಒಂದರಲ್ಲಿ ಎರಡನೆಯ ಸುತ್ತಿಗೇ 3.16228 ದೊರೆಯುವುದು, ಇನ್ನೊಂದರಲ್ಲಿ ಹೊರಟ 3ಕ್ಕೇ ಮರಳಿರುವಿರಿ.