ವಿಮಾಸಂಸ್ಥೆಗಳ ಅಧ್ಯಯನದಲ್ಲಿ ಆಧಾರಗಳ ವಿಚಾರ

ವಿಮಾಸಂಸ್ಥೆಯೊಂದರ ಯೋಗ್ಯತೆಯನ್ನು ಅಳೆಯಹೊರಟ ವಿದ್ಯಾರ್ಥಿಗೆ ಅಂತರ್ಜಾಲದಲ್ಲಿ ಮೊದಲು ಕಾಣುವುದು ಒಂದು ಅಂಕಿ: ಬಂದ ಕ್ಲೇಮುಗಳಲ್ಲಿ ನೂರಕ್ಕೆ ಎಷ್ಟು ಪಾವತಿಯಾದುವೆಂಬುದು. ಅಂಕಿ ಸುಳ್ಳಾಗಿರಬೇಕೆಂದಿಲ್ಲ, ಆದರೆ ಅದು ಯಾವುದರ ಲೆಕ್ಕವೆಂಬುದನ್ನು ಜಾಹೀರಾತು ಹೇಳುವುದು ಅಪರೂಪ. ತಲಾ 1 ಲಕ್ಷ ರೂಪಾಯಿಯ 98 ಕ್ಲೇಮುಗಳನ್ನು ಪಾವತಿಮಾಡಿ, ತಲಾ 50 ಲಕ್ಷದ 2 ಕ್ಲೇಮುಗಳನ್ನು ನಿರಾಕರಿಸಿದ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳೋಣ. ಸಂಖ್ಯೆಯ ದೃಷ್ಟಿಯಿಂದ ಅದರ ಸಾಧನೆ ಶೇಕಡಾ 98. ಮೊತ್ತದ ದೃಷ್ಟಿಯಿಂದ ಅರ್ಧವನ್ನೂ ಮುಟ್ಟಿಲ್ಲ. ದುಡಿಯುವವನನ್ನು ಕಳೆದುಕೊಂಡು ದೊಡ್ಡ ಮೊತ್ತವನ್ನೇ ನಂಬಿ ಕುಳಿತ ಕುಟುಂಬಕ್ಕೆ ಬೇಕಾದುದು ಈ ಎರಡನೆಯ ಲೆಕ್ಕ.

1999ರ ಕಾಯಿದೆಯಂತೆ ಸ್ಥಾಪಿತವಾಗಿ, ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯನ್ನುಳ್ಳ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ತನ್ನ ವಾರ್ಷಿಕ ಪ್ರಕಟಣೆಗಳಲ್ಲಿ ಸಂಖ್ಯೆ, ಮೊತ್ತಗಳೆರಡನ್ನೂ ಕೊಡುತ್ತದೆ; ವೈಯಕ್ತಿಕ ವಿಮೆಯನ್ನು ಸಾಮೂಹಿಕ ವಿಮೆಯೊಡನೆ ಬೆರೆಸುವುದಿಲ್ಲ. ಆದರೂ ಈ ಅಂಕಿಗಳನ್ನು ಒದಗಿಸುವವು ಸಂಸ್ಥೆಗಳೇ ಎಂಬುದನ್ನು ಮರೆಯಲಾಗದು. ಹಣ ಕೈಸೇರುವ ಮೊದಲು ವಾರಸುದಾರರು ಎಷ್ಟು ಸಲ ಕಚೇರಿಗೆ ಅಲೆದರೆಂಬುದಕ್ಕೆ ಯಾವ ಕೋಷ್ಟಕದಲ್ಲಿಯೂ ಅಂಕಣವಿಲ್ಲ. ಅದನ್ನು ಅಂತರ್ಜಾಲದಲ್ಲಿ ನೊಂದವರು ಬರೆದ ದೂರುಗಳಿಂದಲೇ ತಿಳಿಯಬೇಕು. ಅಂಥ ದೂರು ಅಪವಾದವೋ ವಾಡಿಕೆಯೋ ಎಂಬುದನ್ನು ಪರಿಶೀಲಿಸುವ ದಾರಿಯೂ ಉಂಟು: 10,000 ಪಾಲಿಸಿಗಳಿಗೆ ಎಷ್ಟು ದೂರುಗಳು ಬಂದುವೆಂಬುದನ್ನು ಸಂಸ್ಥೆಗಳು ತಮ್ಮ ತ್ರೈಮಾಸಿಕ ಬಹಿರಂಗ ವಿವರಗಳಲ್ಲಿ ತೋರಿಸಬೇಕಾಗಿದೆ.