ಹೂವು ನಮ್ಮದು, ಚಿತ್ರ ಯಾರದು?

ಕಳೆದ ಆಷಾಢದಲ್ಲಿ, ಹೂವಿನ ವ್ಯಾಪಾರ ಮಂಕಾಗಿರುವ ದಿನಗಳಲ್ಲಿ, ನನ್ನ ತಂಗಿಯ ಮಗಳು ಒಂದು ಇ-ಮೇಲ್‌ನ ಪ್ರತಿಯನ್ನು ಹಿಡಿದುಕೊಂಡು ಮನೆಗೆ ಬಂದಳು. ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಆಕೆಯದೊಂದು ಹೂವಿನ ಅಂಗಡಿಯಿದೆ. ಹಾರ, ಹೂಗುಚ್ಛ, ಆಗೊಮ್ಮೆ ಈಗೊಮ್ಮೆ ಮದುವೆ ಮಂಟಪದ ಅಲಂಕಾರ, ಇಷ್ಟು ಆಕೆಯ ವ್ಯವಹಾರ. ಆರು ತಿಂಗಳ ಹಿಂದೆಯಷ್ಟೇ ಅಂಗಡಿಗೊಂದು ಜಾಲತಾಣ ಮಾಡಿಸಿದ್ದಳು. ಪತ್ರ ಬಂದದ್ದು ವಿದೇಶಿ ಚಿತ್ರಸಂಸ್ಥೆಯೊಂದರ ಪರವಾಗಿ. ಆ ಜಾಲತಾಣದಲ್ಲಿರುವ ನಾಲ್ಕು ಛಾಯಾಚಿತ್ರಗಳು ತಮ್ಮ ಕಕ್ಷಿದಾರರಿಗೆ ಸೇರಿದವು, ಪರವಾನಗಿ ಇದ್ದರೆ ತೋರಿಸಿ, ಇಲ್ಲವಾದರೆ ಚಿತ್ರಗಳನ್ನು ತೆಗೆದು ಪರಿಹಾರ ಪಾವತಿಸಿ ಎಂಬುದು ಅದರ ಸಾರಾಂಶ. ಕೇಳಿದ್ದ ಮೊತ್ತ ಅಂಗಡಿಯ ಎರಡು ತಿಂಗಳ ಬಾಡಿಗೆಗೆ ಸಮನಾಗಿತ್ತು.

ನಾಲ್ಕರಲ್ಲಿ ಒಂದು ಚಿತ್ರ ನನಗೆ ಚೆನ್ನಾಗಿ ನೆನಪಿತ್ತು. ಶೀತ ದೇಶಗಳ ಪಿಯೋನಿ ಹೂಗಳು ತುಂಬಿದ ಬುಟ್ಟಿ, ಹಿನ್ನೆಲೆಯಲ್ಲಿ ಮಂಜು ಕವಿದ ಕಿಟಕಿ. ಜಾಲತಾಣ ಸಿದ್ಧವಾದಾಗ ಆಕೆ ನನ್ನ ಅಭಿಪ್ರಾಯ ಕೇಳಿದ್ದಳು. ನಿವೃತ್ತ ಅಧಿಕಾರಿಗಳಿಗೆ ಎಲ್ಲ ವಿಷಯದಲ್ಲಿಯೂ ಅಭಿಪ್ರಾಯವಿರುತ್ತದಷ್ಟೆ. ಆ ಚಿತ್ರವನ್ನೇ ಮುಖಪುಟದಲ್ಲಿ ದೊಡ್ಡದಾಗಿ ಹಾಕು ಎಂದು ಹೇಳಿದವನು ನಾನು. ಚಿತ್ರ ಎಲ್ಲಿಯದು ಎಂದು ಆಕೆಯೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಜಾಲತಾಣ ರೂಪಿಸಿಕೊಟ್ಟ ಯುವಕನನ್ನು ಈಗ ಕೇಳಿದಾಗ, ‘ಗೂಗಲ್‌ನಲ್ಲಿತ್ತು ಸಾರ್’ ಎಂಬ ಉತ್ತರ ಬಂತು.

ಈ ಉತ್ತರ ಆ ಯುವಕನೊಬ್ಬನದಲ್ಲ. ಅಂತರ್ಜಾಲದಲ್ಲಿ ಕಾಣುವುದೆಲ್ಲ ಸಾರ್ವಜನಿಕ ಸ್ವತ್ತೆಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಶೋಧಯಂತ್ರವು ಚಿತ್ರವನ್ನು ಹುಡುಕಿ ತೋರಿಸುತ್ತದೆಯೇ ಹೊರತು ಅದನ್ನು ಬಳಸುವ ಹಕ್ಕನ್ನು ಕೊಡುವುದಿಲ್ಲ. ಗ್ರಂಥಾಲಯದ ಸೂಚಿಯಲ್ಲಿ ಪುಸ್ತಕದ ಹೆಸರಿದೆ ಎಂದ ಮಾತ್ರಕ್ಕೆ ಅದನ್ನು ಅಚ್ಚು ಹಾಕಿಸಿ ಮಾರಬಹುದೆಂದು ಯಾರೂ ಭಾವಿಸುವುದಿಲ್ಲವಲ್ಲ.

ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವೂ ಒಂದು ಕಲಾಕೃತಿ. ಅದನ್ನು ತೆಗೆದವನೇ ಅದರ ಕರ್ತೃ. ಹಕ್ಕು ಹುಟ್ಟಲು ನೋಂದಣಿಯ ಅಗತ್ಯವಿಲ್ಲ, ಚಿತ್ರದ ಕೆಳಗೆ ವೃತ್ತದೊಳಗಿನ ಆ ಪುಟ್ಟ ಚಿಹ್ನೆಯೂ ಬೇಕಿಲ್ಲ. ಮೊದಲು ಛಾಯಾಚಿತ್ರಕ್ಕೆ ಪ್ರಕಟಣೆಯಿಂದ 60 ವರ್ಷಗಳ ರಕ್ಷಣೆಯಿತ್ತು. 2012ರ ತಿದ್ದುಪಡಿಯ ನಂತರ ಕರ್ತೃವಿನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷ. ಚಿತ್ರ ತೆಗೆದವರು ಹೊರದೇಶದವರಾದರೂ ಪಾರಾಗುವಂತಿಲ್ಲ. ಬರ್ನ್ ಒಪ್ಪಂದಕ್ಕೆ ಭಾರತ 1928ರಿಂದಲೇ ಸದಸ್ಯ. ಉಲ್ಲಂಘನೆಗೆ ಸಿವಿಲ್ ಪರಿಹಾರವಲ್ಲದೆ, ಗೊತ್ತಿದ್ದೂ ಮಾಡಿದರೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವೂ ಇದೆ. ಅದು ಜಾಮೀನುರಹಿತ ಅಪರಾಧವೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಒಂದು ಬುಟ್ಟಿ ಹೂವಿನ ಚಿತ್ರಕ್ಕೆ ಯಾರೂ ಜೈಲಿಗೆ ಹೋಗಲಾರರು, ನಿಜ. ಆದರೆ ಕಾಯಿದೆಯ ಮಾತು ಹಾಗಿದೆ.

‘ನನಗೆ ಗೊತ್ತಿರಲಿಲ್ಲ’ ಎಂಬ ಮಾತಿಗೆ ಎಷ್ಟು ಬೆಲೆ? ಸ್ವಲ್ಪ ಮಟ್ಟಿಗೆ ಇದೆ. ಕೃತಿಸ್ವಾಮ್ಯವಿದೆಯೆಂದು ತಿಳಿದಿರಲಿಲ್ಲ, ಇದೆಯೆಂದು ನಂಬಲು ಕಾರಣವೂ ಇರಲಿಲ್ಲ ಎಂದು ರುಜುವಾತುಪಡಿಸಿದವರ ಮೇಲೆ ನಷ್ಟಪರಿಹಾರ ಹೇರುವಂತಿಲ್ಲ; ತಡೆಯಾಜ್ಞೆ ಮತ್ತು ಲಾಭದ ಪಾಲಿಗೆ ಮಾತ್ರ ಅವರು ಹೊಣೆ ಎಂದು 55ನೇ ಕಲಮು ಹೇಳುತ್ತದೆ. ಆದರೆ ಯಾರೋ ಕಷ್ಟಪಟ್ಟು ತೆಗೆದಿರುವುದು ಎದ್ದು ಕಾಣುವ ಚಿತ್ರವೊಂದಕ್ಕೆ ಒಡೆಯನೇ ಇಲ್ಲವೆಂದು ನಂಬಿದ್ದೆ ಎನ್ನುವ ವಾದವನ್ನು ಯಾವ ನ್ಯಾಯಾಧೀಶರ ಮುಂದೆ ಇಡುವುದು?

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 17ನೇ ಕಲಮು. ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಅಂಗಡಿಯಾಕೆ ಛಾಯಾಗ್ರಾಹಕನನ್ನು ಕರೆಸಿ ಹಣ ಕೊಟ್ಟು ತನ್ನ ಹೂಗುಚ್ಛಗಳ ಚಿತ್ರ ತೆಗೆಸಿದರೆ ಹಕ್ಕು ಆಕೆಯದು. ಆದರೆ ಆಕೆಯೇ ಅಲಂಕರಿಸಿದ ಮದುವೆ ಮಂಟಪದ ಚಿತ್ರ? ಅದನ್ನು ತೆಗೆಸಿದ್ದು ಹೆಣ್ಣಿನ ಮನೆಯವರು, ಹಣ ಕೊಟ್ಟದ್ದೂ ಅವರೇ. ಮಂಟಪದ ತುಂಬ ನೇತುಬಿದ್ದ ಸುಗಂಧರಾಜ, ಸೇವಂತಿಗೆ ಇವಳ ಬೆರಳು ಪೋಣಿಸಿದ್ದು, ರಾತ್ರಿಯಿಡೀ ಏಣಿ ಹತ್ತಿ ನಿಂತವರು ಇವಳ ಹುಡುಗರು. ಆದರೆ ಚಿತ್ರದ ಒಡೆತನ ವಧುವಿನ ತಂದೆಯದು. ಆ ಚಿತ್ರವನ್ನು ಛಾಯಾಗ್ರಾಹಕನಿಂದ ಸ್ನೇಹದಲ್ಲಿ ಪಡೆದು ಜಾಲತಾಣಕ್ಕೆ ಹಾಕಿದರೆ ಅದೂ ಉಲ್ಲಂಘನೆಯೇ. ಮೇಲಾಗಿ ಮದುಮಗಳ ಮುಖ, ನೆಂಟರಿಷ್ಟರ ಮುಖಗಳು ವ್ಯಾಪಾರದ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು ಅವರಿಗೆ ಒಪ್ಪಿಗೆಯೇ ಎಂಬ ಪ್ರಶ್ನೆ ಬೇರೆ. ಈಗ ಆಕೆ ಮಂಟಪದ ಕೆಲಸ ಒಪ್ಪಿಕೊಳ್ಳುವಾಗಲೇ ಅಂದಾಜುಪಟ್ಟಿಯ ಕೆಳಗೆ ಎರಡು ಸಾಲು ಸೇರಿಸಿದ್ದಾಳೆ: ಅತಿಥಿಗಳು ಬರುವ ಮುನ್ನ ಅಲಂಕಾರದ ಚಿತ್ರಗಳನ್ನು ನಾವೇ ತೆಗೆದುಕೊಳ್ಳುತ್ತೇವೆ, ಅವನ್ನು ಪ್ರಚಾರಕ್ಕೆ ಬಳಸಲು ತಮ್ಮ ಒಪ್ಪಿಗೆಯಿದೆ ಎಂದು. ಇದುವರೆಗೆ ಸಹಿ ಹಾಕಲು ನಿರಾಕರಿಸಿದ್ದು ಒಂದೇ ಮನೆಯವರು.

ಜಾಲತಾಣದ ವಿನ್ಯಾಸದ ವಿಷಯದಲ್ಲಿ ನಿಯಮ ತಿರುಗುಮುರುಗು. ಸಂಬಳದ ನೌಕರ ಮಾಡಿದ್ದರೆ ಹಕ್ಕು ಮಾಲೀಕರದು. ಹೊರಗಿನ ಗುತ್ತಿಗೆದಾರ ಮಾಡಿದರೆ, ಹಣ ಕೊಟ್ಟಿದ್ದರೂ, ಬರಹದಲ್ಲಿ ವರ್ಗಾಯಿಸದ ಹೊರತು ವಿನ್ಯಾಸ ಮತ್ತು ತಂತ್ರಾಂಶದ ಹಕ್ಕು ಅವನಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಸರ್ಕಾರಿ ಟೆಂಡರುಗಳ ಕಡತ ನೋಡಿ ಕಣ್ಣು ಸವೆಸಿಕೊಂಡ ನನಗೆ ಇವೆಲ್ಲ ಹೊಳೆಯಬೇಕಿತ್ತು. ಸೊಸೆಯ ಒಪ್ಪಂದವೆಂಬುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೂರು ಸಾಲಿನ ಸಂದೇಶ. ಚಿತ್ರಗಳ ಹೊಣೆ ಯಾರದೆಂಬ ಮಾತೇ ಅದರಲ್ಲಿರಲಿಲ್ಲ. ಜಾಲತಾಣದ ಹೆಸರು ಕೂಡ ಆ ಯುವಕನ ಖಾತೆಯಲ್ಲಿಯೇ ನೋಂದಣಿಯಾಗಿತ್ತು ಎಂಬುದು ಆಗಲೇ ತಿಳಿದದ್ದು. ಅದನ್ನು ಅವಳ ಹೆಸರಿಗೆ ಮಾಡಿಸಿಕೊಳ್ಳಲು ಹದಿನೈದು ದಿನ ಹಿಡಿಯಿತು.

ಹಾಗಾದರೆ ನ್ಯಾಯವಾಗಿ ಚಿತ್ರ ಪಡೆಯುವ ದಾರಿಗಳಿಲ್ಲವೆ? ಬೇಕಾದಷ್ಟಿವೆ. ಹಣ ಕೊಟ್ಟು ಚಿತ್ರಸಂಗ್ರಹಗಳಿಂದ ಪರವಾನಗಿ ಪಡೆಯಬಹುದು. ಇಲ್ಲಿ ‘ರಾಯಲ್ಟಿ ಫ್ರೀ’ ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದರರ್ಥ ಪುಕ್ಕಟೆಯೆಂದಲ್ಲ, ಒಮ್ಮೆ ಹಣ ಕೊಟ್ಟರೆ ಪ್ರತಿ ಬಳಕೆಗೂ ಮತ್ತೆ ಕೊಡಬೇಕಿಲ್ಲ ಎಂದಷ್ಟೆ. ಸುದ್ದಿ, ವರದಿಗೆ ಮಾತ್ರ ಮೀಸಲೆಂದು ನಮೂದಾಗಿರುವ ಚಿತ್ರವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಕೊಂಡ ರಸೀತಿ ಅಂಗಡಿಯ ಹೆಸರಿನಲ್ಲಿರಬೇಕು, ವಿನ್ಯಾಸಕಾರನ ಹೆಸರಿನಲ್ಲಲ್ಲ. ಇನ್ನೊಂದು ದಾರಿ ಕ್ರಿಯೇಟಿವ್ ಕಾಮನ್ಸ್. 2002ರಲ್ಲಿ ಮೊದಲ ಬಾರಿಗೆ ಹೊರಬಂದ ಈ ಪರವಾನಗಿಗಳಲ್ಲಿ ಕರ್ತೃ ತಾನೇ ಮುಂದಾಗಿ, ಇಂತಿಂಥ ಷರತ್ತಿನ ಮೇಲೆ ಬಳಸಿಕೊಳ್ಳಿ ಎನ್ನುತ್ತಾನೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಮಲ್ಲಿಗೆ, ಕನಕಾಂಬರ, ಸಂಪಿಗೆ ಎಲ್ಲದರ ಚಿತ್ರಗಳೂ ಹೀಗೆ ಸಿಗುತ್ತವೆ. ಕರ್ತೃವಿನ ಹೆಸರು, ಮೂಲ, ಪರವಾನಗಿಯ ಹೆಸರು ಹಾಕುವುದು ಸಾಮಾನ್ಯ ಷರತ್ತು. ‘ವಾಣಿಜ್ಯೇತರ’ ಎಂಬ ಷರತ್ತಿದ್ದರೆ ಅಂಗಡಿಯವರು ಅದರ ಗೋಜಿಗೆ ಹೋಗಬಾರದು.

ಆದರೆ ಕಾನೂನಿನ ಪ್ರಶ್ನೆಗಿಂತ ದೊಡ್ಡದೊಂದು ಪ್ರಶ್ನೆ ಇಲ್ಲಿದೆ ಎಂದು ನನಗನಿಸುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಜಾರ್ಜ್ ಅಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದಿರುತ್ತಾರೆ. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು, ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಒಳ್ಳೆಯ ಸರಕು ಮಾರುಕಟ್ಟೆಯಿಂದಲೇ ಹೇಗೆ ಹೊರಬೀಳುತ್ತದೆಂದು ಆತ ತೋರಿಸಿದ. 2001ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರನೂ ಆದ. ಹೂವಿನ ಅಂಗಡಿಯ ಜಾಲತಾಣ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಕೆ.ಆರ್. ಮಾರುಕಟ್ಟೆಯಲ್ಲಿ ನಸುಕಿಗೆ ಹೋದವರು ಸೇವಂತಿಗೆಯನ್ನು ಅಂಗೈಯಲ್ಲಿ ಅಲುಗಾಡಿಸಿ, ಎಸಳು ಉದುರುತ್ತದೆಯೇ ನೋಡಿ, ಮಲ್ಲಿಗೆಯ ಮೊಗ್ಗು ಬಿರಿದಿದೆಯೇ ಪರೀಕ್ಷಿಸಿ, ಮೊಳಕ್ಕೆ ಇಷ್ಟೆಂದು ಚೌಕಾಸಿ ಮಾಡುತ್ತಾರೆ. ಮಾರುವವಳ ಮೊಳ ಚಿಕ್ಕದು, ಕೊಳ್ಳುವವಳ ಮೊಳ ದೊಡ್ಡದು ಎಂಬ ಜಗಳವಂತೂ ಎಂದಿನದು. ಜಾಲತಾಣದಲ್ಲಿ ಕೈ ಇಲ್ಲ, ಮೂಗೂ ಇಲ್ಲ, ಇರುವುದು ಚಿತ್ರವೊಂದೇ. ಆ ಚಿತ್ರ ಬೇರೊಂದು ದೇಶದ ಬೇರೊಂದು ಅಂಗಡಿಯ ಹೂವಿನದಾದರೆ ಗ್ರಾಹಕನಿಗೆ ಉಳಿಯುವ ಮಾಹಿತಿ ಯಾವುದು? ಪಿಯೋನಿಯ ಚಿತ್ರ ನೋಡಿ ಹಣ ಕಟ್ಟಿದವರಿಗೆ ಹೊಸಕೋಟೆಯ ಹಸಿರುಮನೆಯ ಗುಲಾಬಿ ತಲುಪಿದ ಎರಡು ಪ್ರಸಂಗಗಳು ನಮ್ಮ ಅಂಗಡಿಯಲ್ಲಿಯೇ ನಡೆದಿದ್ದವು. ಗುಲಾಬಿ ಚೆನ್ನಾಗಿಯೇ ಇತ್ತು. ಗ್ರಾಹಕರು ಮಾತ್ರ ಮತ್ತೆ ಬರಲಿಲ್ಲ.

ಇದೂ ಈಗ ಕಾನೂನಿನ ವಿಷಯವೇ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಗಳಿಗೆ ಹೊಂದಿಕೆಯಾಗಿರಬೇಕು. ಆದ್ದರಿಂದ ಪರವಾನಗಿ ಪಡೆದು, ರಸೀತಿ ಇಟ್ಟುಕೊಂಡು ಹಾಕಿದ ಚಿತ್ರವೂ ಕೃತಿಸ್ವಾಮ್ಯದ ದೃಷ್ಟಿಯಿಂದ ನಿರ್ದೋಷಿಯಾಗಿ, ಗ್ರಾಹಕನ ದೃಷ್ಟಿಯಿಂದ ಸುಳ್ಳಾಗಿರಬಹುದು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿಕೊಂಡರಾಯಿತು, ಯಾರ ತಕರಾರೂ ಇಲ್ಲ ಎನ್ನುವವರಿದ್ದಾರೆ. ಅಂಥ ಚಿತ್ರದ ಒಡೆತನದ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಅದಿರಲಿ, ಎಲ್ಲಿಯೂ ಅರಳದ ಹೂವನ್ನು ತೋರಿಸಿ ಅರಳಿದ ಹೂವನ್ನು ಮಾರುವುದು ಹೇಗೆ?

ಪತ್ರಕ್ಕೆ ನಾವು ಉತ್ತರ ಬರೆದೆವು. ಸುಮ್ಮನಿರುವುದು, ಇಲ್ಲವೇ ಹೆದರಿ ಕೇಳಿದಷ್ಟು ಕೊಟ್ಟುಬಿಡುವುದು, ಇವೆರಡೂ ತಪ್ಪೆಂದು ವಕೀಲ ಮಿತ್ರರು ಹೇಳಿದರು. ನಾಲ್ಕೂ ಚಿತ್ರಗಳನ್ನು ಅಂದೇ ತೆಗೆದೆವು. ಹಕ್ಕು ನಿಮ್ಮದೆನ್ನುವುದಕ್ಕೆ ದಾಖಲೆ ಕಳುಹಿಸಿ, ಛಾಯಾಗ್ರಾಹಕ ನಿಮಗೆ ಬರೆದುಕೊಟ್ಟದ್ದೇನು, ಇಂಥ ಬಳಕೆಗೆ ನಿಮ್ಮ ಸಾಮಾನ್ಯ ಶುಲ್ಕವೆಷ್ಟು ಎಂದು ಕೇಳಿದೆವು. ಮೂರು ವಾರಗಳ ನಂತರ ಎರಡು ಚಿತ್ರಗಳಿಗೆ ಮಾತ್ರ ದಾಖಲೆ ಬಂತು. ಕೊನೆಗೆ ಮೊದಲು ಕೇಳಿದ್ದರ ಮೂರನೆಯ ಒಂದು ಭಾಗಕ್ಕೆ ಒಪ್ಪಂದವಾಯಿತು. ಜಾಲತಾಣ ಮಾಡಿದ ಯುವಕ ಒಂದು ಪೈಸೆಯನ್ನೂ ಕೊಡಲಿಲ್ಲ. ಕೇಳಲು ನಮ್ಮ ಬಳಿ ಕಾಗದವೂ ಇರಲಿಲ್ಲ. ಕಡಿಮೆಯಾಯಿತಲ್ಲ ಎಂದು ನಾನು ಸಮಾಧಾನ ಹೇಳಹೊರಟರೆ ಆಕೆ, ‘ಮಾಮ, ಚಿತ್ರ ತೆಗೆದವರಿಗೆ ಇದರಲ್ಲಿ ಏನಾದರೂ ಹೋಗುತ್ತದೆಯೆ?’ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಆ ಪ್ರಶ್ನೆ ನನ್ನನ್ನು ಬಹಳ ಹಿಂದಕ್ಕೆ ಒಯ್ದಿತು. 1980ರ ದಶಕದ ನಡುವಿನಲ್ಲಿ, ಮಲೆನಾಡಿನ ಜಿಲ್ಲೆಯೊಂದರಲ್ಲಿ ನಾನಿದ್ದಾಗ, ನಮ್ಮ ಕಚೇರಿ ಪ್ರವಾಸಿಗರಿಗಾಗಿ ಕಿರುಹೊತ್ತಗೆಯೊಂದನ್ನು ಪ್ರಕಟಿಸಿತು. ಅದರ ಹೊದಿಕೆಯ ಮೇಲೆ ಮಳೆಗಾಲದ ಜಲಪಾತದ ಸೊಗಸಾದ ಚಿತ್ರ. ತಿಂಗಳಾದ ಮೇಲೆ ಊರಿನ ಸ್ಟುಡಿಯೋ ನಡೆಸುತ್ತಿದ್ದ ವೃದ್ಧರೊಬ್ಬರು ಕೊಡೆ ಮಡಿಸಿ ಬಾಗಿಲಲ್ಲಿಟ್ಟು ಒಳಗೆ ಬಂದರು. ಚಿತ್ರ ತಮ್ಮದೆಂದೂ, ಗುಮಾಸ್ತರೊಬ್ಬರು ನೋಡಿ ಕೊಡುತ್ತೇನೆಂದು ತೆಗೆದುಕೊಂಡು ಹೋದದ್ದೆಂದೂ ಹೇಳಿದರು. ಹಣ ಕೇಳಲಿಲ್ಲ. ಮುಂದಿನ ಮುದ್ರಣದಲ್ಲಿ ತಮ್ಮ ಹೆಸರು ಹಾಕಿಸಲು ಸಾಧ್ಯವೆ ಎಂದಷ್ಟೇ ಕೇಳಿದರು. ಸರ್ಕಾರಿ ಪ್ರಕಟಣೆಗಳಲ್ಲಿ ವ್ಯಕ್ತಿಗಳ ಹೆಸರು ಹಾಕುವ ಪದ್ಧತಿಯಿಲ್ಲ ಎಂದು ಹೇಳಿ ನಾನು ಅವರನ್ನು ಕಳುಹಿಸಿದೆ. ಪದ್ಧತಿ ಇತ್ತೋ ಇಲ್ಲವೋ, ನಾನು ವಿಚಾರಿಸಿರಲಿಲ್ಲ. ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ಹಕ್ಕು ಅದೇ ಕಾಯಿದೆಯ 57ನೇ ಕಲಮಿನಲ್ಲಿ ಆಗಲೂ ಇತ್ತು. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತಮ್ಮ ಶಿಲ್ಪವನ್ನು ಕಿತ್ತು ಹಾಳುಗೆಡವಿದ ಸರ್ಕಾರದ ವಿರುದ್ಧ ಅಮರನಾಥ್ ಸೆಹಗಲ್ ಅವರು ಇದೇ ಕಲಮಿನ ಬಲದಿಂದ 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದಾಗ, ಪತ್ರಿಕೆಯಲ್ಲಿ ಅದನ್ನೋದುತ್ತ ನನಗೆ ಆ ಕೊಡೆ ನೆನಪಾಗಿತ್ತು. ಕಿರುಹೊತ್ತಗೆಯ ಎರಡನೆಯ ಮುದ್ರಣವೂ ಹೆಸರಿಲ್ಲದೆಯೇ ಬಂತು.

ಈಗ ಅಂಗಡಿಯ ಜಾಲತಾಣದಲ್ಲಿ ಸುಮಾರು ನಲವತ್ತು ಚಿತ್ರಗಳಿವೆ. ಅರ್ಧದಷ್ಟನ್ನು ಆಕೆಯೇ ಮೊಬೈಲಿನಲ್ಲಿ, ಬೆಳಿಗ್ಗೆ ಎಂಟರ ಹೊತ್ತಿಗೆ ಅಂಗಡಿಯ ಪೂರ್ವದ ಕಿಟಕಿಯ ಬೆಳಕಿನಲ್ಲಿ, ಬಿಳಿ ಪಂಚೆಯೊಂದನ್ನು ಹಿಂದೆ ಕಟ್ಟಿ ತೆಗೆದದ್ದು. ಉಳಿದವು ಬಡಾವಣೆಯ ಯುವ ಛಾಯಾಗ್ರಾಹಕಿಯೊಬ್ಬಳವು. ಒಂದು ಪುಟದ ಕರಾರಿದೆ, ಕಾನೂನಿನ ಪ್ರಕಾರ ಹಕ್ಕು ಅಂಗಡಿಯದೇ. ಆದರೂ ಪ್ರತಿ ಚಿತ್ರದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಆ ಹುಡುಗಿಯ ಹೆಸರಿದೆ. ಹಾರಗಳ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ತೆಗೆದಿದ್ದಾರೆ, ಮೊಳದ ಜಗಳ ಬೇಡವೆಂದು. ಒಂದು ಚಿತ್ರದಲ್ಲಿ ಸೇವಂತಿಗೆಯ ಹಿಂದೆ ಅಂಗಡಿಯ ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಅಂಚು ಕಾಣುತ್ತದೆ. ಅದನ್ನು ತೆಗೆದು ಬೇರೆ ಹಾಕಬೇಕೆಂದು ಆಕೆ ಎರಡು ಸಲ ಹೊರಟಳು. ಆದರೆ ದೂರವಾಣಿ ಮಾಡುವ ಗ್ರಾಹಕರು, ‘ಆ ನೀಲಿ ಬಕೆಟ್ ಇರುವ ಚಿತ್ರದ ಹೂವು ಇವತ್ತು ಇದೆಯೆ?’ ಎಂದು ಕೇಳತೊಡಗಿದ ಮೇಲೆ ಹಾಗೆಯೇ ಬಿಟ್ಟಿದ್ದಾಳೆ.